ಜೇನಿನ ಕಾಯಿಲೆಗೆ ಅಳೆದ ರಾಗಿ

"ಗುರುಗಳೇ, ನಮ್ಮೂರಿನ ಕಣಜದಿಂದ ಒಬ್ಬರಿಗೆ ಮೂರು ವರ್ಷದಿಂದ ರಾಗಿ ಹೋಗುತ್ತಿದೆ. ಕುರಿಗಳ ಕಾಲುಬೇನೆಗೆ ಮದ್ದು ಹುಡುಕುತ್ತೇನೆ ಎಂದಿದ್ದರು. ಇದುವರೆಗೆ ಏನೂ ಸಿಕ್ಕಿಲ್ಲ. ಇನ್ನು ಸಾಕು ಎಂದರೆ ತಪ್ಪೇ?" ಎಂದು ಶಿಷ್ಯ ಕೇಳಿದ. ಅವನು ತನ್ನೂರಿನ ಪಂಚರಲ್ಲಿ ಒಬ್ಬ. ಮರುದಿನ ಊರಿನ ಮುಂದೆ ತೀರ್ಮಾನ ಹೇಳಬೇಕಾಗಿತ್ತು.

ಗುರುಗಳು ಈ ಕತೆ ಹೇಳಿದರು.

ಹನ್ನೆರಡು ಹಳ್ಳಿಗಳಿಗೆ ಸೇರಿದ ಒಂದು ಕಣಜವಿತ್ತು. ಸುಗ್ಗಿಯಲ್ಲಿ ಪ್ರತಿ ಮನೆಯವರೂ ಅದಕ್ಕೆ ರಾಗಿ ತಂದು ಸುರಿಯುತ್ತಿದ್ದರು. ನಿರ್ವಾಣಪ್ಪ ಎಂಬವನು ಆ ಕಣಜ ನೋಡಿಕೊಳ್ಳುತ್ತಿದ್ದ. ಬಿಗಿ ಕೈಯ ಮನುಷ್ಯ. ಹಿಡಿ ರಾಗಿ ಹೊರಗೆ ಹೋಗಬೇಕಾದರೂ ಏಕೆ ಎಂದು ಕೇಳುತ್ತಿದ್ದ.

ಒಂದು ವರ್ಷ ಆ ಸೀಮೆಯ ಜೇನಿಗೆ ಕಾಯಿಲೆ ಬಂತು. ಜನ ಮಡಕೆಗಳಲ್ಲಿ ತುಡುವೆ ಜೇನು ಸಾಕಿದ್ದರು. ಗೂಡಿನ ಮೇಣದ ಎರಿಯೊಳಗಿನ ಮರಿಹುಳುಗಳು ನೀರು ತುಂಬಿದ ಚೀಲದಂತಾಗಿ ಸತ್ತವು. ನೂರು ಮಡಕೆಯಲ್ಲಿ ತೊಂಬತ್ತು ಬರಿದಾದವು. ಒಬ್ಬ ವ್ಯಾಪಾರಿ ಬಂದು, ತನ್ನ ಪುಡಿಯ ಹೊಗೆ ಹಾಕಿದರೆ ತಿಂಗಳಲ್ಲಿ ವಾಸಿಯಾಗುತ್ತದೆ ಎಂದ. ಪಂಚರು ನಂಬಿ ಕಣಜ ತೆರೆಸಿದರು. ವ್ಯಾಪಾರಿ ಗಾಡಿ ತುಂಬಿಕೊಂಡು ಹೋದ. ಉಳಿದಿದ್ದ ಜೇನೂ ಸಾಯುತ್ತಲೇ ಇತ್ತು.

ಆಮೇಲೆ ದೇವೀರಮ್ಮ ಎಂಬ ಹೆಂಗಸು ಪಂಚರ ಮುಂದೆ ನಿಂತಳು. ಗಂಡ ತೀರಿಕೊಂಡಿದ್ದ. ಕೂಲಿ ಮಾಡಿ ಬದುಕುತ್ತಿದ್ದಳು. ಹತ್ತು ಮಡಕೆ ಜೇನು ಸಾಕಿದ್ದು, ಎಲ್ಲವನ್ನೂ ಕಳೆದುಕೊಂಡಿದ್ದಳು.

"ಕೂಲಿಗೆ ಹೋದರೆ ಜೇನಿನ ಹತ್ತಿರ ಕೂರುವುದಕ್ಕಾಗುವುದಿಲ್ಲ. ನನ್ನ ಊಟಕ್ಕೆ ರಾಗಿ ಕೊಡಿ. ಕಾಯಿಲೆ ಏನೆಂದು ನೋಡುತ್ತೇನೆ" ಎಂದಳು.

"ಮದ್ದು ಗೊತ್ತೇ?" ಎಂದು ನಿರ್ವಾಣಪ್ಪ ಕೇಳಿದ.

"ಗೊತ್ತಿಲ್ಲ."

"ಎಷ್ಟು ದಿನ ಬೇಕು?"

"ಅದೂ ಗೊತ್ತಿಲ್ಲ, ಅಣ್ಣ. ಸಿಗದಿದ್ದರೆ ಸಿಗಲಿಲ್ಲ ಎಂದು ನಿಮ್ಮೆದುರಿಗೇ ಬಂದು ಹೇಳುತ್ತೇನೆ."

ಪಂಚರು ನಕ್ಕರು. ನಿರ್ವಾಣಪ್ಪ ನಗಲಿಲ್ಲ. ಕಣಜದ ಬಾಗಿಲಿಗೆ ಬಂದವರಲ್ಲಿ ಗೊತ್ತಿಲ್ಲ ಎಂದವರನ್ನು ಅವನು ಅದುವರೆಗೆ ಕಂಡಿರಲಿಲ್ಲ. "ಇವಳಿಗೆ ಕೊಡೋಣ" ಎಂದ. ಅವನೇ ಹಾಗೆಂದಾಗ ಪಂಚರು ಬೇಡ ಎನ್ನಲಿಲ್ಲ.

ಆ ದಿನದಿಂದ ತಿಂಗಳು ತಿಂಗಳು ರಾಗಿ ಹೋಯಿತು. ದೇವೀರಮ್ಮ ಅಳಿದುಳಿದ ಜೇನನ್ನು ಊರೂರಿನಿಂದ ತಂದು ನಲವತ್ತು ಮಡಕೆ ಮಾಡಿಕೊಂಡಳು. ಪ್ರತಿ ಸುಗ್ಗಿಯಲ್ಲಿ ಬಂದು ಆ ವರ್ಷ ಏನಾಯಿತೆಂದು ಹೇಳುತ್ತಿದ್ದಳು. ಬೇವಿನ ಮದ್ದು ಹಿಡಿಯಲಿಲ್ಲ. ಅರಿಶಿನ ಹಿಡಿಯಲಿಲ್ಲ. ಸತ್ತ ಗೂಡಿನ ಎರಿಯನ್ನು ಇನ್ನೊಂದರಲ್ಲಿಟ್ಟರೆ ಅದಕ್ಕೂ ಕಾಯಿಲೆ ತಗಲುತ್ತದೆ, ಹಾಗೆ ಇಡಬೇಡಿ ಎಂದಳು. ಮೂರನೆಯ ವರ್ಷ ತಲೆ ಎತ್ತಿಯೇ ನಿಂತು, "ಈ ಸಲ ನಾನು ಮಾಡಿದ ಕಷಾಯದಿಂದ ಆರು ಮಡಕೆ ಇನ್ನೂ ಬೇಗ ಸತ್ತವು. ತಪ್ಪು ನನ್ನದು" ಎಂದಳು. ಜನ ಬೈದರು. ಕೇಳುತ್ತ ಕೂತಿದ್ದ ನಿರ್ವಾಣಪ್ಪ ಎದ್ದು ಅವಳ ಆ ತಿಂಗಳ ರಾಗಿ ಅಳೆದುಕೊಟ್ಟ. ಅವಳು ಒಂದು ಸುಳ್ಳು ಹೇಳಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ.

ಆರು ವರ್ಷ ಕಳೆದವು. ಆರನೆಯ ಸುಗ್ಗಿಯಲ್ಲಿ ಗಾಣ ಆಡಿಸುವವನೊಬ್ಬ ಎದ್ದು, "ಜೇನು ಸಾಕುವವರು ಬೇಕಾದರೆ ಅವಳಿಗೆ ಅನ್ನ ಹಾಕಲಿ. ನನ್ನ ರಾಗಿ ಏಕೆ ಹೋಗಬೇಕು?" ಎಂದ. ಹೌದು ಹೌದು ಎಂದವರೇ ಹೆಚ್ಚು. ಇನ್ನು ಕೊಡುವುದಿಲ್ಲ ಎಂದು ಅವಳಿಗೆ ತಿಳಿಸಿ ಬರಲು ಪಂಚರು ನಿರ್ವಾಣಪ್ಪನನ್ನೇ ಕಳಿಸಿದರು. ಅವನಿಗೂ ಬೇಸರ ಬಂದಿತ್ತು. ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಹೊಂದಿಸಿಕೊಂಡು ಹೋದ.

ದೇವೀರಮ್ಮ ಮಡಕೆಯಿಂದ ಎರಿ ತೆಗೆದು, ಸೂಜಿಯಿಂದ ಒಂದೊಂದೇ ಮರಿಹುಳುವನ್ನು ಚುಚ್ಚುತ್ತಿದ್ದಳು.

"ಏನು ತಾಯಿ, ನೀನೇ ಕೊಲ್ಲುತ್ತಿದ್ದೀಯಲ್ಲ!" ಎಂದ.

"ಕೂತುಕೋ ಅಣ್ಣ, ತೋರಿಸುತ್ತೇನೆ."

ಹಿಂದಿನ ದಿನ ಹಾಗೆಯೇ ಹುಳುಗಳನ್ನು ಚುಚ್ಚಿಟ್ಟಿದ್ದ ಎರಡು ಮಡಕೆ ತೆರೆದಳು. ಒಂದರಲ್ಲಿ ಸತ್ತ ಹುಳುಗಳು ಇದ್ದಲ್ಲೇ ಇದ್ದವು. ಇನ್ನೊಂದರಲ್ಲಿ ಒಂದೂ ಇರಲಿಲ್ಲ. ಜೇನುನೊಣಗಳು ಅವನ್ನೆಲ್ಲ ಎಳೆದು ಹೊರಗೆ ಹಾಕಿದ್ದವು.

"ಹೀಗೆ ಗೂಡು ಚೊಕ್ಕ ಮಾಡುವ ಜೇನು ನಲವತ್ತರಲ್ಲಿ ಮೂರೇ ಇವೆ. ಆ ಮೂರರಲ್ಲಿ ಕಾಯಿಲೆ ಉಳಿಯುತ್ತಿಲ್ಲ. ಆರು ವರ್ಷ ನಾನು ಮದ್ದನ್ನು ಗಿಡದಲ್ಲಿ ಹುಡುಕಿದೆ. ಅದು ಜೇನಿನ ಗುಣದಲ್ಲೇ ಇದ್ದಿರಬೇಕು."

"ಹಾಗಾದರೆ ಸಿಕ್ಕಿತಲ್ಲ!"

"ಇಲ್ಲ. ಈ ಮೂರರ ರಾಣಿಗಳಿಗೆ ಹುಟ್ಟುವ ರಾಣಿಗಳಲ್ಲೂ ಈ ಗುಣ ಬರುತ್ತದೆಯೇ ನೋಡಬೇಕು. ಇನ್ನೆರಡು ವರ್ಷ ಬೇಕು. ಬಾರದಿದ್ದರೆ ಬರಲಿಲ್ಲ ಎನ್ನುತ್ತೇನೆ."

ನಿರ್ವಾಣಪ್ಪ ಸಂಜೆಯವರೆಗೂ ಅಲ್ಲೇ ಕೂತ. ಅವಳ ಕೈ ಎಲ್ಲ ಕಡಿತದಿಂದ ಊದಿತ್ತು. ಅವಳು ಅದನ್ನು ನೋಡಿಕೊಳ್ಳಲೂ ಇಲ್ಲ. ಹೇಳಲು ಬಂದ ಮಾತು ಹೇಳದೆ ಎದ್ದು ಬಂದ. ಅಷ್ಟು ದೂರ ಅದನ್ನು ಹೊಂದಿಸಿಕೊಂಡು ಹೋದದ್ದಕ್ಕೆ ಅವನಿಗೆ ನಾಚಿಕೆಯಾಯಿತು.

ಪಂಚರು ಮತ್ತೆ ಸೇರಿದಾಗ ಅವನು ತಾನು ಕಂಡದ್ದನ್ನೂ ಅವಳು ಕೇಳಿದ ಎರಡು ವರ್ಷವನ್ನೂ ಹೇಳಿ, ಗಾಣದವನನ್ನು ಕೇಳಿದ: "ನಿನ್ನ ಗಾಣ ಏಕೆ ನಿಂತಿದೆ?"

"ಹುಚ್ಚೆಳ್ಳು ಬಂದರಲ್ಲವೇ ಗಾಣ ತಿರುಗುವುದು?"

"ಹೊಲದ ತುಂಬ ಹಳದಿ ಹೂವು ಇತ್ತಲ್ಲ?"

"ಹೂವು ಬಿಟ್ಟರೇನು ಬಂತು, ಕಾಳು ಕಟ್ಟಲಿಲ್ಲ. ಹೂವಿನ ಮೇಲೆ ಕೂರುವ ಜೇನೇ..." ಎಂದವನು ಅಲ್ಲಿಗೇ ನಿಂತ. ಅವನು ಜೇನು ಸಾಕಿದವನಲ್ಲ; ಆದರೂ ಜೇನಿಲ್ಲದೆ ನಿಂತದ್ದು ಅವನ ಗಾಣ.

"ಇನ್ನೆರಡು ವರ್ಷ ನಾನೂ ಕೊಡುತ್ತೇನೆ" ಎಂದು ಅವನೇ ಮೊದಲು ಹೇಳಿದ.

ಆ ಗುಣ ರಾಣಿಗಳಿಗೆ ಬಂತು. ಎಲ್ಲಕ್ಕೂ ಬರಲಿಲ್ಲ. ಗುಣ ಬಂದ ರಾಣಿಗಳನ್ನು ಉಳಿಸಿಕೊಂಡು ದೇವೀರಮ್ಮ ಹೊಸ ಗೂಡು ಕಟ್ಟಿಸಿದಳು. ಎಂಟನೆಯ ವರ್ಷ ಹನ್ನೆರಡು ಹಳ್ಳಿಗೂ ಮಡಕೆಗಳನ್ನು ಹಂಚಿದಳು. ಸುದ್ದಿ ಕೇಳಿ ಹಿಂದಿನ ವ್ಯಾಪಾರಿ ಓಡಿಬಂದ. ಆ ಜೇನನ್ನು ತನಗೊಬ್ಬನಿಗೇ ಕೊಟ್ಟರೆ ಕೇಳಿದಷ್ಟು ಹೊನ್ನು ಕೊಡುತ್ತೇನೆ ಎಂದ.

"ಹನ್ನೆರಡು ಹಳ್ಳಿಯವರ ಅನ್ನ ತಿಂದು ತಿಳಿದುಕೊಂಡದ್ದು ಇದು. ಮಾರುವುದಕ್ಕೆ ನನ್ನದಲ್ಲ" ಎಂದಳು. ಅವನಿಗೂ ಒಂದು ಮಡಕೆ ಕೊಟ್ಟು, ಸಾಕುವ ಬಗೆ ಹೇಳಿ ಕಳಿಸಿದಳು.

ಆ ವರ್ಷ ಹುಚ್ಚೆಳ್ಳು ಹೂವಾದಾಗ ನಿರ್ವಾಣಪ್ಪ ಹೊಲದ ಬದುವಿನಲ್ಲಿ ನಿಂತ. ಹೊಲವಿಡೀ ಗುಂಯ್‌ಗುಡುತ್ತಿತ್ತು. ಬಿಗಿ ಕೈಯ ಆ ಮನುಷ್ಯ ಕಣ್ಣೊರೆಸಿಕೊಂಡ.

ಗುರುಗಳು ಕತೆ ಮುಗಿಸಿದರು.

ಶಿಷ್ಯನ ಮುಖ ಅರಳಿತ್ತು. "ಎಂಥ ಹೆಂಗಸು, ಗುರುಗಳೇ! ನಮ್ಮೂರಿನಲ್ಲೂ ಅಂಥವರೊಬ್ಬರು ಇದ್ದಿದ್ದರೆ!" ಎಂದ.

ಗುರುಗಳು ಹೇಳಿದರು: "ಅಂಥವರು ಎಲ್ಲ ಊರಲ್ಲೂ ಇರುತ್ತಾರಪ್ಪ, ಎಂಟು ವರ್ಷ ಅನ್ನ ಹಾಕಿ ಕಾಯುವ ಊರು ಎಲ್ಲಿದೆ, ಅದನ್ನು ಹೇಳು."

ಕುರಿಗಳ ಮದ್ದು ಹುಡುಕುವವರನ್ನು ಮೊದಲು ಕಂಡು ಬರುತ್ತೇನೆ ಎಂದು ಶಿಷ್ಯ ಎದ್ದ.