ಬಾಗಿಲು ತೋರಿಸಿದ ಮೂಲೆ

ಆಯುಧಪೂಜೆ ಹತ್ತಿರ ಬಂದಿತ್ತು. ಹಳೆಯ ಕಾರಿನ ಬಾಗಿಲು ಖುಷಿಯಿಂದ ಗಡಗಡ ಅಲುಗುತ್ತ, "ಬೇಗ ಬಾರಯ್ಯ, ಈ ತುಕ್ಕು ಮುಚ್ಚಿಬಿಡು. ಹಾರ ಹಾಕಿಸಿಕೊಳ್ಳಬೇಕು" ಎಂದು ಬಣ್ಣದ ಡಬ್ಬಿಯನ್ನು ಕರೆಯಿತು.

"ಹೋದ ವರ್ಷ ಹಚ್ಚಿದ ಬಣ್ಣ ಎಲ್ಲಿ?" ಎಂದಿತು ಡಬ್ಬಿ.

"ತುಕ್ಕಿನ ಜೊತೆಗೇ ಉದುರಿಹೋಯಿತು."

"ಹಾಗಾದರೆ ನನಗಿಂತ ಮೊದಲು ತಂತಿ ಬ್ರಷ್ಷು ಬರಲಿ."

ಬ್ರಷ್ಷು ಬಂದು ಗರಗರನೆ ಉಜ್ಜಿತು. ತುಕ್ಕು ಉದುರಿದ ಜಾಗದಲ್ಲಿ ಆಚೆಯ ಬಿಸಿಲು ಈಚೆಗೆ ತೂರಿ ಬಂತು.

"ನನ್ನ ಮೈ ತೂತು ಮಾಡಿದೆಯಲ್ಲೋ" ಎಂದು ಬಾಗಿಲು ರೇಗಿತು.

"ತೂತು ಮೊದಲೇ ಇತ್ತು. ಕಂಡಿತಲ್ಲ, ಇನ್ನು ತಗಡಿನ ತೇಪೆ ಬೆಸೆಯಬಹುದು" ಎಂದಿತು ಬ್ರಷ್ಷು.

ತೇಪೆಯ ಮಾತು ಕೇಳಿ ಬಾಗಿಲಿನ ಸಿಟ್ಟು ಇಳಿಯಿತು. ಆಮೇಲೆ ಹುರುಪಿನಿಂದ ತಾನೇ ಅಗಲವಾಗಿ ತೆರೆದುಕೊಂಡು, "ಹಾಗಿದ್ದರೆ ಒಳಗಿನ ಈ ಕೆಳಮೂಲೆಯನ್ನೂ ನೋಡು ಮಾರಾಯ. ಇಷ್ಟು ವರ್ಷ ಯಾರಿಗೂ ತೋರಿಸಿಲ್ಲ" ಎಂದಿತು.