ಒಡೆಯದ ಐದು ಮೊಳ

ಕುಲುಮೆದುರ್ಗದ ಬೀದಿಬೀದಿಯಲ್ಲಿ ಡಂಗುರ ಸಾರಿದರು: "ಕೇಳಿರಪ್ಪೋ ಕೇಳಿ. ಕೋಟೆಯಿಂದ ಕುಲುಮೆಗೆ ಹೋಗುವ ಡಾಂಬರು ದಾರಿ ವರ್ಷವರ್ಷವೂ ಮಳೆಗೆ ಕಿತ್ತು ಬರುತ್ತಿದೆ. ಜಲ್ಲಿಗಾಗಿ ಒಡೆದೂ ಒಡೆದೂ ಊರಿನ ಗುಡ್ಡ ಗುಂಡಿಯಾಗಿದೆ. ಕುವರಿ ಹೊನ್ನಾಂಬೆಯವರು ಮೂರು ಒಗಟು ಕೇಳುತ್ತಾರೆ. ಬಿಡಿಸಿದವನಿಗೆ ಕುವರಿಯ ಜೊತೆ ಮದುವೆ, ಮೇಲೆ ನಾಡಿನ ದಾರಿಗಳ ಒಡೆತನ. ತಪ್ಪಿದವನ ತಲೆ ಮೈಲಿಗಲ್ಲಿನ ಮೇಲೆ."

ರಾಜರ ಕಾಲದಲ್ಲಿ ಡಾಂಬರು ಎಲ್ಲಿತ್ತು ಎಂದು ಕೇಳುವವರು ಬೇರೆ ಕತೆ ಓದಬಹುದು.

ಡಂಗುರ ಕೇಳಿ ಮೇಸ್ತ್ರಿ ಜಂಬಣ್ಣ ಕೈಯಲ್ಲಿದ್ದ ಗುದ್ದಲಿ ಕೆಳಗಿಟ್ಟ. ಇಪ್ಪತ್ತು ವರ್ಷದಿಂದ ಆ ದಾರಿ ಹಾಕುವವನು ಅವನೇ. ಪ್ರತಿ ವರ್ಷವೂ ಹಾಕುತ್ತಿದ್ದ ಎನ್ನುವುದೇ ಕೆಲಸದ ಗುಣಕ್ಕೆ ಸಾಕ್ಷಿ. ಆದರೆ ಅದರಲ್ಲಿ ಐದೇ ಐದು ಮೊಳ ಎರಡು ಮಳೆಗಾಲ ಕಳೆದರೂ ಕೂದಲೆಳೆಯಷ್ಟೂ ಬಿರಿದಿರಲಿಲ್ಲ. ಅದನ್ನು ಹಾಕಿದವನು ಡಾಂಬರು ಕಾಯಿಸುವ ಆಳು ಓಬಳೇಶ. ಕುವರಿ ಒಮ್ಮೆ ಪಲ್ಲಕ್ಕಿಯಿಂದಿಳಿದು "ಇದು ಯಾರ ಕೈಕೆಲಸ?" ಎಂದು ಕೇಳಿದಾಗ ಜಂಬಣ್ಣನ ಬಾಯಿಂದ "ನನ್ನದೇ, ಅಮ್ಮಣ್ಣಿ" ಎಂದು ಬಂದುಬಿಟ್ಟಿತ್ತು. ಅಂದಿನಿಂದ ಅವನಿಗೆ ಉಂಡ ಅನ್ನ ಮೈಗೆ ಹತ್ತಲಿಲ್ಲ. ಓಬಳೇಶ ಸಿಳ್ಳೆ ಹಾಕಿದರೂ ಉರಿ, ಬೆವರು ಒರೆಸಿಕೊಂಡರೂ ಉರಿ.

ಡಂಗುರ ಕೇಳಿದ ಮೇಲೆ ಜಂಬಣ್ಣ ಡಾಂಬರಿನ ಪೀಪಾಯಿಯ ಹಿಂದೆ ಎರಡು ದಿನ ಕುಕ್ಕುರುಗಾಲಿನಲ್ಲಿ ಕೂತು ಓಬಳೇಶನ ಕೆಲಸವನ್ನೆಲ್ಲ ಕದ್ದು ನೋಡಿದ. ನೋಡಿದ್ದನ್ನೇ ಅರಮನೆಯ ಬಾಗಿಲಲ್ಲಿ ಹತ್ತು ಮೊಳ ಹಾಕಿ, ಯಾರೂ ಕದ್ದು ಕಲಿಯಬಾರದೆಂದು ಮೇಲೆ ಚಾಪೆ ಮುಚ್ಚಿದ.

ತಿಂಗಳು ಕಳೆದು ಸಭೆ ಕೂಡಿತು. ಕುವರಿ ಮೊದಲ ಒಗಟು ಹೇಳಿದಳು: "ಬೆಂಕಿಯ ಹೊಟ್ಟೆಯಲ್ಲಿ ಕಬ್ಬಿಣದ ಜೊತೆಗೇ ಹುಟ್ಟಿದ್ದು. ಅಣ್ಣನನ್ನು ಮನೆಗೆ ಕರೆದರು, ತಮ್ಮನನ್ನು ತಿಪ್ಪೆಗೆ ಎಸೆದರು. ಕಲ್ಲಲ್ಲ, ಆದರೂ ಕಲ್ಲಿಗೆ ಸೋಲುವುದಿಲ್ಲ. ಯಾವುದದು?"

ಶೆಟ್ಟರ ಮಗ "ಬೂದಿ" ಎಂದ. ಪಕ್ಕದ ನಾಡಿನ ಯುವರಾಜ ಬಹಳ ಯೋಚಿಸಿ "ನನ್ನ ತಮ್ಮ" ಎಂದ. ಇಬ್ಬರ ತಲೆಯೂ ಹೋಯಿತು. ಹೋದದ್ದು ಮೀಸೆ ಮಾತ್ರ ಎನ್ನುವವರೂ ಇದ್ದಾರೆ. ತಲೆ ಎಂದರೇ ಕತೆಗೆ ಚೆಂದ.

ಅಷ್ಟರಲ್ಲಿ ಜಂಬಣ್ಣನಿಗೆ ಸಾಲಿನಲ್ಲಿ ತನ್ನ ಮುಂದೆಯೇ ಓಬಳೇಶ ಕಂಡ.

"ನೀನ್ಯಾಕೋ ಇಲ್ಲಿ? ಡಾಂಬರು ಆರಿಹೋಗುತ್ತೆ, ನಡಿ," ಎಂದ ಜಂಬಣ್ಣ.

"ಆರಿದರೆ ಮತ್ತೆ ಕಾಯಿಸ್ತೀನಿ ಮೇಸ್ತ್ರೇ. ತಲೆ ಹೋದರೆ ನಿಮಗೊಂದು ಕಾಟ ತಪ್ಪುತ್ತಲ್ಲ."

ಆ ತಲೆ ಹೋಗುವುದಿಲ್ಲ ಎನ್ನುವುದೇ ಜಂಬಣ್ಣನ ಸಂಕಟ. ಅವನನ್ನು ಮೊಣಕೈಯಿಂದ ಹಿಂದಕ್ಕೆ ತಳ್ಳಿ ತಾನೇ ಮುಂದೆ ಬಂದ. "ಕಬ್ಬಿಣದ ಕಿಟ್ಟ, ಅಮ್ಮಣ್ಣಿ. ಅದಿರು ಕರಗಿಸಿದ ಮೇಲೆ ಕುಲುಮೆಯವರು ಹೊರಗೆ ಸುರಿಯೋ ಕಸ. ಜಲ್ಲಿಯ ಬದಲು ಹಾಕಬಹುದು."

"ಸರಿ. ಎರಡನೆಯದು ಕೇಳು. ನೀರಿಗೆ ಕರಗದು, ಮಣ್ಣಿನಲ್ಲಿ ಕೊಳೆಯದು. ಹಸು ತಿಂದರೆ ಹಸು ಸಾಯುತ್ತದೆ, ಕಲ್ಲು ತೊಟ್ಟರೆ ಕಲ್ಲು ಬಾಳುತ್ತದೆ. ಯಾವುದದು?"

"ಕಾರ್ಖಾನೆಯವರು ಬಿಸಾಡಿದ ಪ್ಲಾಸ್ಟಿಕ್ ಹಾಳೆ. ಚೂರು ಮಾಡಿ ಕಾದ ಕಲ್ಲಿನ ಮೇಲೆ ಚೆಲ್ಲಿದರೆ, ಕರಗಿ ಅಂಗಿ ತೊಡಿಸಿದ ಹಾಗೆ ಹತ್ತಿಕೊಳ್ಳುತ್ತೆ. ಡಾಂಬರು ಆಮೇಲೆ."

ಸಭೆ ತಲೆದೂಗಿತು. ಜಂಬಣ್ಣ ಓಬಳೇಶನ ಕಡೆ ತಿರುಗಿ ಮೀಸೆ ತಿರುವಿದ.

"ಮೂರನೆಯದು," ಎಂದಳು ಕುವರಿ. "ತಿಪ್ಪೆಗೆ ಎಸೆದ ಆ ತಮ್ಮನ ಹೊಟ್ಟೆಯಲ್ಲಿ ಒಂದು ಉರಿ ಇದೆ. ಅದು ಆರುವ ಮೊದಲೇ ಮನೆಗೆ ಕರೆದರೆ ಮನೆ ಒಡೆಯುತ್ತಾನೆ. ಅದರ ಮದ್ದು ಅಂಗಡಿಯಲ್ಲಿ ಸಿಗದು, ಅವಸರದವನಿಗೆ ದಕ್ಕದು. ಯಾವುದದು?"

ಪೀಪಾಯಿಯ ಹಿಂದೆ ಕೂತಾಗ ಇಂಥದೇನೂ ಕಂಡಿರಲಿಲ್ಲ. "ಉರಿಯೂ ಇಲ್ಲ, ಮದ್ದೂ ಬೇಡ," ಎಂದ ಜಂಬಣ್ಣ. "ಕುಲುಮೆಯಿಂದ ಬಿಸಿಬಿಸಿ ಕಿಟ್ಟ ತಂದು ನಿಮ್ಮ ಬಾಗಿಲಿಗೇ ಹಾಕಿದ್ದೇನೆ. ನೋಡಿ ಬೇಕಾದರೆ."

ಎಲ್ಲರೂ ಹೋಗಿ ಚಾಪೆ ಎತ್ತಿದರು. ಒಂದು ತಿಂಗಳ ಮಳೆ ಕುಡಿದ ಹತ್ತು ಮೊಳವೂ ಎಣ್ಣೆಗೆ ಬಿದ್ದ ಪೂರಿಯಂತೆ ಉಬ್ಬಿ ಅಡ್ಡಡ್ಡ ಸೀಳಿತ್ತು. ತಳವಾರ ಕತ್ತಿ ಒರೆಸಿಕೊಂಡ.

ಓಬಳೇಶ ಮುಂದೆ ಬಂದ. "ಮದ್ದು ಒಂದು ವರ್ಷದ ಮಳೆಬಿಸಿಲು, ಅಮ್ಮಣ್ಣಿ. ಹೊಸ ಕಿಟ್ಟದ ಒಳಗೆ ಸುಣ್ಣ ಇರುತ್ತೆ, ನೀರು ತಾಗಿದರೆ ಉಬ್ಬುತ್ತೆ. ಬಯಲಲ್ಲಿ ನೆನೆಯೋಕೆ ಬಿಟ್ಟರೆ ಉಬ್ಬೋದೆಲ್ಲ ಅಲ್ಲೇ ಉಬ್ಬಿ ಮುಗಿಯುತ್ತೆ. ದಾರಿಗೆ ಹಾಕೋದು ಆಮೇಲೆ."

"ಆ ಐದು ಮೊಳದ ಅಂಚು ಅಗೆಸಿ, ಕುಲುಮೆಯವರನ್ನು ಕೇಳಿಯೇ ಈ ಒಗಟು ಕಟ್ಟಿದ್ದು," ಎಂದಳು ಕುವರಿ, ಜಂಬಣ್ಣನನ್ನೇ ನೋಡುತ್ತ. "ಹಾಕಿದವನು ಯಾರೆಂದು ತಿಳಿಯಬೇಕಿತ್ತು. ತಿಳಿಯಿತು."

ರಾಜ ಓಬಳೇಶನಿಗೆ, "ಇನ್ನೊಂದು ವರ ಕೇಳಪ್ಪ," ಎಂದ.

"ಮೇಸ್ತ್ರಿಯ ತಲೆ ಕೊಡಿಸಿ, ಬುದ್ಧಿ."

ಜಂಬಣ್ಣ ಕಣ್ಣು ಮುಚ್ಚಿಕೊಂಡ.

"ಕುತ್ತಿಗೆ ಮೇಲೇ ಇರಲಿ. ದಾರಿಯ ಏರಿಳಿತ ಎಲ್ಲಾ ಅದಕ್ಕೆ ಬಾಯಿಪಾಠ. ನನಗೆ ಬರೋದಿಲ್ಲ," ಎಂದ ಓಬಳೇಶ.

ಜೀವ ಉಳಿಯಿತು. ಅದೂ ಓಬಳೇಶನಿಂದಲೇ ಉಳಿಯಿತಲ್ಲ ಎಂದು ಜಂಬಣ್ಣನಿಗೆ ಕತ್ತಿಯೇ ವಾಸಿ ಎನ್ನಿಸಿತು. ರಾಜನ ಅಪ್ಪಣೆಯಂತೆ ವರ್ಷವಿಡೀ ಕಿಟ್ಟದ ಗುಡ್ಡೆಗೆ ನೀರು ಹೊಯ್ದ. ಗುಡ್ಡೆಯ ಉರಿ ಆರಿತು.

ಮರುವರ್ಷ ಹೊಸ ದಾರಿಯಲ್ಲಿ ಮದುವೆಯ ಮೆರವಣಿಗೆ ಬಂತು. ಗಾಡಿಯಲ್ಲಿದ್ದ ತುಂಬಿದ ಮಜ್ಜಿಗೆ ಗಡಿಗೆಯಿಂದ ಒಂದು ಹನಿ ತುಳುಕಲಿಲ್ಲ. ಊರೆಲ್ಲ ಗಂಡುಹೆಣ್ಣನ್ನು ನೋಡುತ್ತಿದ್ದರೆ ಜಂಬಣ್ಣ ಒಬ್ಬನೇ ತಲೆ ತಗ್ಗಿಸಿಕೊಂಡು ಹಿಂದೆ ನಡೆದ. "ಮೇಸ್ತ್ರಿಗೆ ಎಷ್ಟು ವಿನಯ ಬಂದುಬಿಟ್ಟಿದೆ," ಎಂದು ಹೆಂಗಸರು ಮೆಚ್ಚಿಕೊಂಡರು.

ಅವನು ಒಂದು ಬಿರುಕಾದರೂ ಸಿಕ್ಕೀತೇ ಎಂದು ಹುಡುಕುತ್ತಿದ್ದ.