ಆಟದೊಳಗೆ ಬಂದ ಕಂಡಕ್ಟರ್

"ಅಕ್ಕೋರೇ, ಕಸೂತಿಯಲ್ಲೂ ಎಳೆ ಎಣಿಸುವುದೇ, ಮೊಬೈಲಿನ ಆಟದಲ್ಲೂ ಕಲ್ಲು ಎಣಿಸುವುದೇ. ಇಲ್ಲಿ ಅರ್ಧ ತಾಸಿಗೆ ನನಗೆ ಆಕಳಿಕೆ ಬರುತ್ತದೆ. ಅಲ್ಲಿ ಎರಡು ತಾಸು ಹೋದದ್ದೂ ತಿಳಿಯುವುದಿಲ್ಲ. ಹೀಗೇಕೆ?" ಎಂದು ಶಾಂಭವಿ ಕೇಳಿದಳು.

ಅವಳಿಗೆ ಎರಡು ತಿಂಗಳಿಂದ ಒಂದು ಸೀರೆಯ ಮೇಲೆ ಕಸೂತಿ ಕಲಿಸುತ್ತಿದ್ದ ಗಂಗಾಬಾಯಿ, "ಅದು ಯಾವ ಆಟ?" ಎಂದರು.

ಶಿಷ್ಯೆ ವಿವರಿಸಿದಳು. ಪರದೆಯ ತುಂಬ ಬಣ್ಣದ ಕಲ್ಲುಗಳಿರುತ್ತವೆ. ಒಂದೇ ಬಣ್ಣದ ಮೂರನ್ನು ಸಾಲಾಗಿ ಕೂಡಿಸಿದರೆ ಅವು ಒಡೆದುಹೋಗುತ್ತವೆ. ಅಷ್ಟೇ ಆಗಿದ್ದರೆ ಅವಳು ಎಂದೋ ಬಿಟ್ಟಿರುತ್ತಿದ್ದಳು. ಆದರೆ ಕಲ್ಲು ಒಡೆದಾಗಲೆಲ್ಲ ಆಟದೊಳಗೆ ಕೆಲವರು ಮುಂದೆ ನಡೆಯುತ್ತಾರೆ, ಶತ್ರುಗಳೊಡನೆ ಕಾದಾಡುತ್ತಾರೆ, ದಿನದಿಂದ ದಿನಕ್ಕೆ ಬಲಿಯುತ್ತಾರೆ. ಅವರನ್ನು ನಡುದಾರಿಯಲ್ಲಿ ಬಿಟ್ಟು ಏಳಲು ಮನಸ್ಸಾಗುವುದಿಲ್ಲ.

ಗಂಗಾಬಾಯಿ ಬೈಯಲಿಲ್ಲ. "ಈ ಆಟ ಆಡಿದ ಒಬ್ಬ ಡ್ರೈವರನ ಕತೆ ಹೇಳುತ್ತೇನೆ, ಕೇಳು" ಎಂದರು.

ಒಬ್ಬ ಬಸ್ ಡ್ರೈವರ್ ಇದ್ದ. ಗದಗದಿಂದ ಬಾದಾಮಿಗೆ ಹೋಗುವುದು, ತಿರುಗಿ ಬರುವುದು, ಇಪ್ಪತ್ತೆರಡು ವರ್ಷ ಅವನಿಗೆ ಅದೇ ಕೆಲಸ. ಅಷ್ಟೂ ವರ್ಷ ಅವನ ಜೊತೆಗಿದ್ದ ಕಂಡಕ್ಟರನ ಹೆಸರು ಫಕೀರಪ್ಪ. ಮಧ್ಯಾಹ್ನದ ಬಿಸಿಲಿಗೆ ಡ್ರೈವರನ ಕಣ್ಣು ಎಳೆಯುವ ಹೊತ್ತಿಗೆ ಫಕೀರಪ್ಪ ಅವನ ಹಿಂದೆ ಬಂದು ನಿಂತು ಏನಾದರೂ ಕತೆ ತೆಗೆಯುತ್ತಿದ್ದ. ಯಾವ ನಿಲ್ದಾಣದಲ್ಲಿ ಯಾರು ಹತ್ತುತ್ತಾರೆ, ಯಾರ ಮಗಳ ಬಾಣಂತನ ಎಲ್ಲಿಗೆ ಬಂತು, ಎಲ್ಲ ಅವನಿಗೆ ಗೊತ್ತು. ಬಾದಾಮಿಯಲ್ಲಿ ಬಸ್ಸಿನ ನೆರಳಿಗೆ ಕುಳಿತು ಇಬ್ಬರೂ ಒಂದೇ ಡಬ್ಬಿಯ ರೊಟ್ಟಿ ತಿನ್ನುತ್ತಿದ್ದರು.

ಒಂದು ದಿನ ತಿರುವಿನಲ್ಲಿ ಬಸ್ಸು ರಸ್ತೆ ಬಿಟ್ಟು ಇಳಿದು ಮಗ್ಗುಲಿಗೆ ಉರುಳಿತು. ಪುಣ್ಯಕ್ಕೆ ಯಾರ ಜೀವವೂ ಹೋಗಲಿಲ್ಲ. ಡ್ರೈವರನ ಬಲಗಾಲು ಎರಡು ಕಡೆ ಮುರಿಯಿತು. ವಿಚಾರಣೆಗೆ ಬಂದ ಅಧಿಕಾರಿ, ಗಾಡಿ ಜೋರಿತ್ತೇನು ಎಂದು ಫಕೀರಪ್ಪನನ್ನು ಕೇಳಿದ. ಫಕೀರಪ್ಪ ತಲೆ ತಗ್ಗಿಸಿ, "ಹೌದ್ರಿ, ಗಾಡಿ ಜೋರಿತ್ತು" ಎಂದ.

ಆ ಮಾತು ಡ್ರೈವರನನ್ನು ಮುರಿದ ಕಾಲಿಗಿಂತ ಹೆಚ್ಚು ನೋಯಿಸಿತು. ಫಕೀರಪ್ಪ ಮೂಸಂಬಿ ಹಿಡಿದು ಆಸ್ಪತ್ರೆಗೆ ಬಂದಾಗ ಅವನು ಗೋಡೆಯ ಕಡೆಗೆ ತಿರುಗಿ ಮಲಗಿದ. ಎರಡನೆಯ ಸಲ ಬಂದಾಗಲೂ ಹಾಗೇ ಮಾಡಿದ. ಮೂರನೆಯ ಸಲ ಫಕೀರಪ್ಪ ಬರಲಿಲ್ಲ.

ಆರು ತಿಂಗಳು ಮನೆಯಲ್ಲಿ ಬಿದ್ದಿರಬೇಕಾಯಿತು. ಹೊತ್ತು ಹೋಗಲೆಂದು ಹೆಂಡತಿ ತನ್ನ ಮೊಬೈಲು ಕೊಟ್ಟು, ತಾನು ಆಡುತ್ತಿದ್ದ ಕಲ್ಲಿನ ಆಟ ತೋರಿಸಿದಳು. ಅದರಲ್ಲಿ ಬರೀ ಕಲ್ಲುಗಳು. ಎರಡು ದಿನಕ್ಕೆ ಅವನಿಗೆ ಸಾಕಾಯಿತು. "ಒಡದಿದ್ದನ್ನ ಎಷ್ಟಂತ ಒಡೀಲಿ?" ಎಂದ. ಅವಳು ಬೇರೊಂದು ಆಟ ಹಾಕಿಕೊಟ್ಟಳು. ಕಲ್ಲುಗಳು ಅವೇ. ಆದರೆ ಮೇಲೆ ಒಂದು ದಾರಿ, ದಾರಿಯ ಮೇಲೆ ಇಬ್ಬರು. ಮೂರು ಕೆಂಪು ಕೂಡಿದರೆ ಮುಂದಿನವನು ಕತ್ತಿ ಬೀಸುತ್ತಾನೆ. ಮೂರು ಹಸಿರು ಕೂಡಿದರೆ ಹಿಂದಿನವನು ಅವನ ಗಾಯಕ್ಕೆ ಮದ್ದು ಹಚ್ಚುತ್ತಾನೆ. ಒಂದು ಊರು ಗೆದ್ದ ಮೇಲೆ ಹಿಂದಿನವನು ಒಂದು ಕೊಂಬು ಊದುತ್ತಾನೆ, ಇಬ್ಬರೂ ಮುಂದಿನ ಊರಿಗೆ ಹೊರಡುತ್ತಾರೆ.

ಇಬ್ಬರಿಗೂ ಹೆಸರಿಡಬೇಕೆಂದು ಆಟ ಕೇಳಿತು. ಮುಂದಿನವನಿಗೆ ಡ್ರೈವರ್ ತನ್ನ ಹೆಸರನ್ನೇ ಇಟ್ಟ. ಹಿಂದಿನವನಿಗೆ ಏನಿಡಲಿ ಎಂದು ಸ್ವಲ್ಪ ಹೊತ್ತು ಕುಳಿತ. ಕೊನೆಗೆ ಅವನ ಬೆರಳು ಫಕೀರಪ್ಪ ಎಂದು ಬರೆಯಿತು.

ಅಂದಿನಿಂದ ಆಟ ಅವನನ್ನು ಬಿಡಲಿಲ್ಲ. ಕೊಂಬು ಊದಿದಾಗಲೆಲ್ಲ ಅವನಿಗೆ ಫಕೀರಪ್ಪನ ಸೀಟಿ ಕೇಳಿಸುತ್ತಿತ್ತು. ಒಂದು ಊರು ದಾಟಿದರೆ ತಮ್ಮ ದಾರಿಯ ರೋಣ ಬಂತು ಎಂದುಕೊಳ್ಳುತ್ತಿದ್ದ. ಬದನೆಕಾಯಿ ಬುಟ್ಟಿ ಹೊತ್ತು ಹತ್ತುತ್ತಿದ್ದ ಮುದುಕಿ, ಪರೀಕ್ಷೆಯ ದಿನ ಓಡಿಬಂದ ಹುಡುಗಿಯರಿಗಾಗಿ ಫಕೀರಪ್ಪ ಬಸ್ಸು ನಿಲ್ಲಿಸಿದ್ದು, ಮೊದಲ ಮಳೆಗೆ ಸೋರುವ ಕಿಟಕಿಯ ಕೆಳಗೆ ಅವನು ಕೊಡೆ ಬಿಚ್ಚಿ ನಿಂತು ಟಿಕೆಟ್ ಹರಿದದ್ದು, ಒಂದೊಂದೇ ನೆನಪಾಗುತ್ತಿತ್ತು. ಇಪ್ಪತ್ತೆರಡು ವರ್ಷ ಒಂದೇ ರಸ್ತೆಯಲ್ಲಿ ಓಡಾಡಿದ್ದರೂ ಒಂದು ದಿನವೂ ಬೇಸರವಾಗಿರಲಿಲ್ಲವಲ್ಲ ಎಂಬುದು ಅವನಿಗೆ ಆಗ ಹೊಳೆಯಿತು.

ಆಮೇಲೆ ಒಂದು ಕೋಟೆ ಬಂತು. ಎಷ್ಟು ಆಡಿದರೂ ಅದರ ಬಾಗಿಲು ತೆರೆಯಲಿಲ್ಲ. ಹಿಂದಿನವನ ಮದ್ದು ಸಾಲುತ್ತಿರಲಿಲ್ಲ, ಮುಂದಿನವನು ಬೀಳುತ್ತಿದ್ದ. ಮೂರು ವಾರ ಹೀಗೇ ಆಯಿತು. ಹೆಂಡತಿ ನೋಡಿ ಹೇಳಿದಳು, "ಇವನಕಿಂತ ಗಟ್ಟಿ ಆಳ ಕೊಡತೀನಿ ಅಂತ ಆಟಾನ ಹೇಳಾಕತ್ತೈತಿ. ಈ ಫಕೀರಪ್ಪನ್ನ ತಗದ ಅವನ್ನ ಹಾಕ್ರಿ."

"ಅವನ್ನ ಇಳಿಸಿ ನಾ ಎಲ್ಲಿಗೆ ಹೋಗ್ಲಿ?" ಎಂದು ಅವನು ರೇಗಿದ.

ಅವನ ಮಾತು ಅವನಿಗೇ ಕೇಳಿಸಿತ್ತು. ಮೊಬೈಲನ್ನು ಮಗುಚಿಟ್ಟ. ಮರುದಿನ ಬೆಳಗ್ಗೆ ಊರುಗೋಲು ತರಿಸಿಕೊಂಡು ಆಟೋ ಹತ್ತಿದ.

ಅಂದು ರಜೆಯಲ್ಲಿದ್ದ ಫಕೀರಪ್ಪ ತನ್ನ ಮನೆಯ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತ ಕುಳಿತಿದ್ದ. ಆಟೋದಿಂದ ಇಳಿಯಲಾಗದೆ ಒದ್ದಾಡುತ್ತಿದ್ದವನನ್ನು ಕಂಡು ಮೊರ ಬಿಟ್ಟು ಓಡಿಬಂದ. ಹೆಗಲು ಕೊಟ್ಟು ಕರೆತಂದು ಕಟ್ಟೆಯ ಮೇಲೆ ಕೂರಿಸಿದ.

ಡ್ರೈವರನೇ ಮೊದಲು, "ಅವತ್ತ ಗಾಡಿ ಜೋರಿತ್ತು ಬಿಡೋ ಫಕೀರಪ್ಪ" ಎಂದ.

"ಜೋರಿತ್ತು ಅಣ್ಣಾ" ಎಂದ ಫಕೀರಪ್ಪ. "ನಾನರ ಸೀಟಿ ಹೊಡೀಬೇಕಿತ್ತು, ಹೊಡೀಲಿಲ್ಲ. ಅದನ್ನ ಸಾಹೇಬರ ಮುಂದ ಹೇಳಾಕ ಧೈರ್ಯ ಆಗಲಿಲ್ಲ. ನಿನ್ನ ಮುಂದ ಹೇಳೂಣಂತ ಎರಡ ಸಲ ಬಂದಿದ್ದೆ."

ಡ್ರೈವರ್ ಅವನ ಕೈ ಹಿಡಿದುಕೊಂಡ. ಬೇರೇನು ಮಾಡುವುದೆಂದು ತಿಳಿಯದೆ ಜೇಬಿನಿಂದ ಮೊಬೈಲು ತೆಗೆದು ಆಟ ತೋರಿಸಿದ. ಕೋಟೆಯ ಮುಂದೆ ತನ್ನ ಹೆಸರು ಹೊತ್ತು ನಿಂತವನನ್ನು ಫಕೀರಪ್ಪ ನೋಡಿದ. ನಕ್ಕ. ನಗುತ್ತ ನಗುತ್ತ ಅವನ ಕಣ್ಣಲ್ಲಿ ನೀರು ಬಂತು.

"ಮೂರ ವಾರದಿಂದ ಇವನ್ನ ಕಟಗೊಂಡ ಇಲ್ಲೇ ನಿಂತೀಯೇನ? ಇತ್ತ ಕೊಡ" ಎಂದು ಮೊಬೈಲು ಕಿತ್ತುಕೊಂಡ. ಡ್ರೈವರ್ ಬೇಡ ಬೇಡ ಎನ್ನುವಷ್ಟರಲ್ಲಿ ತನ್ನ ಬೆರಳಿನಿಂದಲೇ ಆಟದ ಫಕೀರಪ್ಪನನ್ನು ತೆಗೆದು ಗಟ್ಟಿ ಆಳನ್ನು ಹಾಕಿದ. ಹತ್ತು ನಿಮಿಷದಲ್ಲಿ ಕೋಟೆಯ ಬಾಗಿಲು ತೆರೆಯಿತು. ಡ್ರೈವರ್ ಅತ್ತ ನೋಡಲೂ ಇಲ್ಲ. ಒಳಗಿನಿಂದ ಬಂದ ಚಹಾದ ಕಪ್ಪು ಹಿಡಿದು, ತಾನಿಲ್ಲದ ಬಸ್ಸಿನಲ್ಲಿ ಈಗ ಯಾರು ಯಾರು ಹತ್ತುತ್ತಾರೆ ಎಂದು ಕೇಳುತ್ತಿದ್ದ.

ಗಂಗಾಬಾಯಿ ಕತೆ ನಿಲ್ಲಿಸಿದರು.

"ಹಾಗಾದರೆ ಅಕ್ಕೋರೇ, ಕಸೂತಿ ನನಗೆ ಬೇಸರ ತರುವುದೇಕೆ ಎಂದು ನೀವು ಹೇಳಲೇ ಇಲ್ಲ" ಎಂದಳು ಶಾಂಭವಿ.

ಗಂಗಾಬಾಯಿ ಅವಳ ತೊಡೆಯ ಮೇಲಿದ್ದ ಸೀರೆಯನ್ನು ನೇರ ಮಾಡುತ್ತ ಹೇಳಿದರು:

"ಈ ಸೀರೆಯನ್ನು ಉಡುವವಳು ಯಾರು ಎಂದು ಎರಡು ತಿಂಗಳಲ್ಲಿ ನೀನು ಒಮ್ಮೆಯೂ ಕೇಳಲಿಲ್ಲ."